ಐದು ತಂತಿಗಳ ಶ್ರುತಿ

ಮೊದಲ ಸಲ ಅದನ್ನು ಕೇಳಿದಾಗ, ಗಿಟಾರಿನ ಹಿಂದೆ ಯಾರೋ ತಂಬೂರಿ ಮೀಟುತ್ತಿದ್ದಾರೆ ಎಂದೇ ತಿಳಿದಿದ್ದೆ. ಆಟಿ ತಿಂಗಳ ರಾತ್ರಿ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯ ಹಿಂದಿನ ಅಡಿಕೆ ತೋಟದ ಮೇಲೆ ಮಳೆ ಎಡೆಬಿಡದೆ ಹೊಯ್ಯುತ್ತಿತ್ತು, ಕರೆಂಟು ಸಂಜೆಯೇ ಹೋಗಿತ್ತು. ಮಂಗಳೂರಿನಲ್ಲಿ ಓದುತ್ತಿದ್ದ ಮಗಳು ಕಳುಹಿಸಿದ್ದ ಧ್ವನಿಮುದ್ರಣವೊಂದನ್ನು ಮೊಬೈಲಿನಲ್ಲಿ ಹಚ್ಚಿ ಕಿವಿಗೆ ಹಿಡಿದು ಕುಳಿತೆ. ಕೆಳಗೆ ಷಡ್ಜ ಪಂಚಮಗಳು ನಿಲ್ಲದೆ ಅನುರಣಿಸುತ್ತಿದ್ದವು. ಅವುಗಳ ಮೇಲಿನಿಂದ ಒಂದು ರಾಗ ಬೆಟ್ಟದ ಝರಿಯ ಹಾಗೆ ಇಳಿದು ಬರುತ್ತಿತ್ತು. ಎರಡನೆಯ ಸಲ ಕೇಳಿದಾಗ ತಂಬೂರಿ ಇಲ್ಲವೆಂಬುದು ಖಚಿತವಾಯಿತು. ನುಡಿಸುತ್ತಿದ್ದವರು ಒಬ್ಬರೇ. ಇದ್ದದ್ದು ಒಂದು ಗಿಟಾರ್, ಆರು ನೈಲಾನ್ ತಂತಿ.

ಆಗಲೇ ನಾನು ಗಿಟಾರ್ ನುಡಿಸತೊಡಗಿ ಇಪ್ಪತ್ತು ವರ್ಷಗಳಾಗಿದ್ದವು. ಶಾಲೆಯಲ್ಲಿ ಪಾಠ ಮಾಡಿ ಬಂದ ಮೇಲೆ ಪ್ರತಿ ಸಂಜೆ ಒಂದು ಗಂಟೆ ಅದರ ಜೊತೆ ಕಳೆಯುತ್ತಿದ್ದೆ. ಆ ವಾದ್ಯದ ಒಳಹೊರಗೆಲ್ಲ ಗೊತ್ತು ಎಂದುಕೊಂಡಿದ್ದೆ. ಆದರೆ ಅದರಿಂದ ಇಂಥ ನಾದ ಹೊರಡಬಹುದು ಎಂಬುದು ಆ ರಾತ್ರಿಯವರೆಗೆ ನನಗೆ ಗೊತ್ತಿರಲಿಲ್ಲ.

ಆ ಕೃತಿಯ ಹೆಸರು ‘ಕೊಯುನ್‌ಬಾಬಾ’. ರಚಿಸಿದವರು ಕಾರ್ಲೊ ಡೊಮೆನಿಕೋನಿ. 1947ರಲ್ಲಿ ಇಟಲಿಯ ಚೆಸೆನಾ ಎಂಬ ಊರಿನಲ್ಲಿ ಹುಟ್ಟಿದವರು. ಗಿಟಾರ್ ಕಲಿತದ್ದು ಇಟಲಿಯಲ್ಲಿ, ಸಂಗೀತ ರಚನೆ ಕಲಿತದ್ದು ಬರ್ಲಿನ್‌ನಲ್ಲಿ. ಅಲ್ಲಿಂದ ಅವರ ಮನಸ್ಸು ಹೋದದ್ದು ತುರ್ಕಿಯ ಕಡೆಗೆ. ಇಸ್ತಾಂಬುಲ್‌ಗೆ ಹೋಗಿ, ಅಲ್ಲಿನ ಸಂಗೀತ ಶಾಲೆಯಲ್ಲಿ ಗಿಟಾರ್ ಕಲಿಸುತ್ತ ಕೆಲವು ವರ್ಷ ಇದ್ದರು. ಕಲಿಸುವುದಕ್ಕೆ ಹೋದವರು ತಾವೇ ಕಲಿತು ಬಂದರು. 1985ರ ಈ ಕೃತಿ ಅದರ ಫಲ. ನಾಲ್ಕು ಭಾಗಗಳು, ಹೆಚ್ಚುಕಡಿಮೆ ಹದಿಮೂರು ನಿಮಿಷ. ಜಾನ್ ವಿಲಿಯಮ್ಸ್ ಅವರಂಥ ಹಿರಿಯ ವಾದಕರು ಇದನ್ನು ನುಡಿಸಿ ಧ್ವನಿಮುದ್ರಿಸಿದ ಮೇಲೆ ಜಗತ್ತಿನ ಗಿಟಾರ್ ವಿದ್ಯಾರ್ಥಿಗಳೆಲ್ಲ ಇದರ ಬೆನ್ನು ಹತ್ತಿದರು.

ನಾನೂ ಹತ್ತಿದೆ. ಸ್ವರಲಿಪಿ ತರಿಸಿ ಮೇಜಿನ ಮೇಲೆ ಹರಡಿಕೊಂಡೆ. ಕೈ ಇಡುವ ಮೊದಲೇ ತಡೆದು ನಿಲ್ಲಿಸಿದ್ದು ಮೊದಲ ಪುಟದ ಮೇಲ್ತುದಿಯಲ್ಲಿ ಬರೆದಿದ್ದ ಶ್ರುತಿಯ ಸೂಚನೆ.

ಗಿಟಾರಿನ ಆರು ತಂತಿಗಳನ್ನು ಯಾವ ಯಾವ ಸ್ವರಕ್ಕೆ ಕೂಡಿಸಬೇಕು ಎಂಬುದು ಬಹು ಹಿಂದೆಯೇ ನಿಂತುಹೋದ ವಿಷಯ. ನೂರಾರು ವರ್ಷಗಳ ಸಂಗೀತವೆಲ್ಲ ಅದೇ ಕೂಡಿಕೆಯ ಮೇಲೆ ನಿಂತಿದೆ. ಡೊಮೆನಿಕೋನಿ ಅದನ್ನು ಕಳಚಿಹಾಕಿದ್ದರು. ಆರನೆಯ ದಪ್ಪ ತಂತಿಯನ್ನು ಒಂದೂವರೆ ಸ್ವರ ಇಳಿಸಬೇಕು. ಐದನೆಯದು, ನಾಲ್ಕನೆಯದು ಅರ್ಧರ್ಧ ಸ್ವರ ಕೆಳಕ್ಕೆ. ಮೂರನೆಯದು ಅರ್ಧ ಸ್ವರ ಮೇಲಕ್ಕೆ, ಎರಡನೆಯದು ಒಂದು ಪೂರ್ತಿ ಸ್ವರ ಮೇಲಕ್ಕೆ. ಮೊದಲನೆಯ ತೆಳು ತಂತಿ ಒಂದೇ ಇದ್ದಲ್ಲಿ ಇರುತ್ತದೆ. ಪಾಶ್ಚಾತ್ಯ ಹೆಸರುಗಳಲ್ಲಿ ಓದಿದರೆ ಇದು ಕೇವಲ ಒಂದು ತಾಂತ್ರಿಕ ಸೂಚನೆ. ನಮ್ಮ ಕಡೆಯ ಸಂಗೀತದ ಮಗುವಿಗೆ ತಿಳಿಯುವಂತೆ ಹೇಳಿದರೆ ಅದರ ಮುಖವೇ ಬೇರೆ: ಸ, ಪ, ಸ, ಪ, ಸ, ಗ. ಮೂರು ಷಡ್ಜ, ಎರಡು ಪಂಚಮ, ತುದಿಯಲ್ಲೊಂದು ಸಾಧಾರಣ ಗಾಂಧಾರ. ಬೆರಳು ಒತ್ತದೆ ಸುಮ್ಮನೆ ಮೀಟಿದರೆ ಸಾಕು, ಗಿಟಾರ್ ತಂಬೂರಿಯಂತೆ ನುಡಿಯುತ್ತದೆ. ಆ ಮಳೆಯ ರಾತ್ರಿ ನನ್ನ ಕಿವಿ ತಪ್ಪು ಕೇಳಿರಲಿಲ್ಲ.

ಶ್ರುತಿ ಬದಲಿಸಿದ ಮೇಲಿನ ಪಾಡನ್ನು ನುಡಿಸುವವರೇ ಬಲ್ಲರು. ಇಪ್ಪತ್ತು ವರ್ಷಗಳಿಂದ ಬೆರಳುಗಳು ತಾವಾಗಿಯೇ ಹುಡುಕಿಕೊಂಡು ಹೋಗುತ್ತಿದ್ದ ಜಾಗಗಳಲ್ಲೆಲ್ಲ ಈಗ ಬೇರೆ ಸ್ವರಗಳು ಕುಳಿತಿದ್ದವು. ನೈಲಾನ್ ತಂತಿಗೆ ಹಳೆಯ ಬಿಗಿತದ ನೆನಪು ಬೇರೆ ಇರುತ್ತದೆ. ಇಳಿಸಿದ ತಂತಿ ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತದೆ, ಏರಿಸಿದ್ದು ಕೆಳಕ್ಕೆ ಜಾರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬಿರಡೆ ತಿರುಗಿಸಬೇಕು. ಮೊದಲ ವಾರ ನಾನು ನುಡಿಸಿದ್ದಕ್ಕಿಂತ ಶ್ರುತಿ ಮಾಡಿದ್ದೇ ಹೆಚ್ಚು. ಆ ವಾರವೇ ನನಗೆ ಈ ಸಂಗೀತಗಾರನ ಮೇಲೆ ಗೌರವ ಹುಟ್ಟಿದ್ದು. ಬೇರೆ ನಾಡಿನ ಹಾಡಿನ ಹತ್ತಿರ ಹೋಗುವಾಗ ಅವರು ಮೊದಲು ಬದಲಿಸಿದ್ದು ಆ ಹಾಡನ್ನಲ್ಲ, ತಮ್ಮ ವಾದ್ಯವನ್ನು.

ತುರ್ಕಿಯ ಅನಟೋಲಿಯದ ಹಳ್ಳಿಗಳಲ್ಲಿ ಹಾಡುಗಾರರು ಹಿಡಿಯುವ ವಾದ್ಯ ಬಾಗ್ಲಾಮಾ. ಸಾಝ್ ಎಂದೂ ಕರೆಯುತ್ತಾರೆ. ಉದ್ದ ಕೊರಳು, ಸೋರೆಬುರುಡೆಯಂತೆ ಉಬ್ಬಿದ ಹೊಟ್ಟೆ. ಅದರ ಹೆಸರಿಗೆ ‘ಕಟ್ಟುವುದು’ ಎಂಬ ಅರ್ಥದ ಮಾತೇ ಮೂಲ. ಕೊರಳಿನ ಮೇಲಿನ ಮೆಟ್ಟಿಲುಗಳು ದಾರದಿಂದ ಕಟ್ಟಿದಂಥವು, ಬೇಕಾದರೆ ಸರಿಸಬಹುದು. ಗಿಟಾರಿನ ಹನ್ನೆರಡು ಮನೆಗಳ ನಡುವೆ ಸಿಕ್ಕದ ಸ್ವರಗಳು ಅಲ್ಲಿ ಸಿಕ್ಕುತ್ತವೆ. ಗಿಟಾರಿನ ಮೆಟ್ಟಿಲುಗಳಾದರೋ ಲೋಹದ ಸರಿಗೆಗಳು, ಮರದೊಳಗೆ ಬಡಿದು ಕೂರಿಸಿದಂಥವು. ಆ ಸೂಕ್ಷ್ಮ ಸ್ವರಗಳನ್ನು ಹಿಡಿಯಲಾಗದು ಎಂದು ಅರಿತೇ ಡೊಮೆನಿಕೋನಿ ಅವುಗಳ ಅಣಕಕ್ಕೆ ಹೋಗಲಿಲ್ಲ. ಬದಲಿಗೆ ಆ ವಾದ್ಯದ ಅನುರಣನವನ್ನು, ಒಂದೇ ಸ್ವರದ ಸುತ್ತ ಸುತ್ತುವ ಅದರ ಹಠವನ್ನು, ಮೇಲಿನಿಂದ ಒಮ್ಮೆಗೇ ಇಳಿದುಬರುವ ಅದರ ನಡೆಯನ್ನು ತೆಗೆದುಕೊಂಡರು. ಬಿಟ್ಟುಕೊಟ್ಟದ್ದರಲ್ಲಿಯೂ ವಿವೇಕ ಇದೆ.

ಕೊಯುನ್ ಎಂದರೆ ಕುರಿ, ಬಾಬಾ ಎಂದರೆ ತಂದೆ. ಆ ಹೆಸರಿನ ಒಬ್ಬ ಸಂತನ ಗೋರಿ ತುರ್ಕಿಯ ಒಸ್ಮಾನ್‌ಜಿಕ್ ಎಂಬಲ್ಲಿದೆ. ಕುರಿ ಕಾಯುವ ತಂದೆಯ ಹೆಸರನ್ನು ಹೊತ್ತ ಸಂಗೀತ ಕೇಳುವಾಗಲೆಲ್ಲ ನನಗೆ ಕುಂಬಳೆ ಬಳಿಯ ಆರಿಕ್ಕಾಡಿಯ ಆಲಿ ಭೂತದ ನೆನಪಾಗುತ್ತದೆ. ಮುಸ್ಲಿಂ ಹೆಸರಿನ ಭೂತ. ಹಿಂದೂಗಳು ನಡೆಸುವ ಸ್ಥಾನದಲ್ಲಿ ಕೋಲ. ಎರಡೂ ಕಡೆಯವರು ಎದುರು ನಿಂತು ಕೈಮುಗಿಯುತ್ತಾರೆ. ಇಂಥ ಊರುಗಳು ಜಗತ್ತಿನಲ್ಲಿ ಇನ್ನೆಷ್ಟಿವೆಯೋ.

ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ 1936ರಲ್ಲಿ ಇದೇ ಅನಟೋಲಿಯಕ್ಕೆ ಹೋಗಿ, ತುರ್ಕಿಯ ಸಂಗೀತಗಾರ ಅದ್ನಾನ್ ಸಾಯ್ಗುನ್ ಅವರ ಜೊತೆ ಹಳ್ಳಿ ತಿರುಗಿ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದರು. ರೈತರ ಹಾಡನ್ನು ಸಂಗೀತಗಾರ ಬಳಸಿಕೊಳ್ಳುವ ಬಗೆಗಳು ಮೂರು ಎಂದು ಅವರು ಅದಕ್ಕೂ ಮೊದಲೇ ಬರೆದಿದ್ದರು. ಹಾಡನ್ನು ಇದ್ದ ಹಾಗೆಯೇ ತೆಗೆದುಕೊಂಡು ಅದಕ್ಕೆ ಪಕ್ಕವಾದ್ಯ ಕಟ್ಟುವುದು ಒಂದು. ಅದರಂತೆಯೇ ಕೇಳುವ ಹೊಸ ಹಾಡನ್ನು ತಾನೇ ಹೊಸೆಯುವುದು ಇನ್ನೊಂದು. ಮೂರನೆಯದರಲ್ಲಿ ಹಾಡೂ ಇರುವುದಿಲ್ಲ, ಅನುಕರಣೆಯೂ ಇರುವುದಿಲ್ಲ. ಆದರೆ ಬರೆದದ್ದರ ತುಂಬ ಅದರ ಗಾಳಿ ಬೀಸುತ್ತಿರುತ್ತದೆ. ಅಲ್ಲಿಗೆ ಆ ಸಂಗೀತ ಅವನ ಮಾತೃಭಾಷೆಯೇ ಆಗಿರುತ್ತದೆ. ಬಾರ್ಟೋಕ್ ಬಳಸಿದ್ದು ಮಾತೃಭಾಷೆ ಎಂಬ ಅರ್ಥದ ಪದವನ್ನೇ. ಆ ಪದ ಓದಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ, ಏಕೆಂದರೆ ಕಾಸರಗೋಡಿನವರಿಗೆ ಅದು ಹಗುರವಾದ ಪದವಲ್ಲ.

ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಎಲ್ಲ ಸಭೆಗಳ ಸ್ವಾಗತ ಭಾಷಣದಲ್ಲೂ ಈ ಮಾತು ಬರುತ್ತದೆ. ನನಗೆ ವೇದಿಕೆಯ ಆ ಸಂಗಮಕ್ಕಿಂತ ಬಸ್ಸಿನೊಳಗಿನದು ಹತ್ತಿರದ್ದು. ಮನೆಯಲ್ಲಿ ನಾವಾಡುವುದು ಹವ್ಯಕ ಕನ್ನಡ. ಅಂಗಳಕ್ಕಿಳಿದರೆ ತುಳು. ಬದಿಯಡ್ಕದಲ್ಲಿ ಬಸ್ಸು ಹತ್ತಿದರೆ ಟಿಕೆಟ್ ಕೇಳುವುದು ಮಲಯಾಳದಲ್ಲಿ. ಕುಂಬಳೆಯ ಮೀನು ಮಾರುಕಟ್ಟೆಯ ಮಾತು ಬ್ಯಾರಿ. ಶಾಲೆಯ ಕರಿಹಲಗೆಯ ಮೇಲೆ ನಾನು ಬರೆಯುವುದು ಪುಸ್ತಕದ ಕನ್ನಡ. ಭಾಷೆ ಬದಲಾದಾಗ ಪದಗಳಷ್ಟೇ ಬದಲಾಗುವುದಿಲ್ಲ. ಮಲಯಾಳ ಮಾತಾಡುವಾಗ ನನ್ನ ದನಿ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ, ವೇಗ ಹೆಚ್ಚುತ್ತದೆ. ತುಳುವಿನಲ್ಲಿ ವಾಕ್ಯದ ಕೊನೆ ತಾನಾಗಿ ಎಳೆದುಕೊಳ್ಳುತ್ತದೆ. ದಿನಕ್ಕೆ ನಾಲ್ಕು ಸಲ ನಾವು ನಮ್ಮ ಶ್ರುತಿ ಬದಲಿಸುತ್ತೇವೆ, ಬದಲಿಸುತ್ತೇವೆಂದು ಗೊತ್ತಾಗದ ಹಾಗೆ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಎಲ್ಲಿ ಕಳೆದುಹೋಗುತ್ತದೋ ಎಂಬ ಭಯ ನಮ್ಮೊಳಗೆ ಮನೆಮಾಡಿದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ನಿಂತು ಪಾಠ ಮಾಡುವ ನನಗೆ ಆ ಭಯ ಚೆನ್ನಾಗಿ ಗೊತ್ತು, ಅದು ಸುಳ್ಳೂ ಅಲ್ಲ. ಆದರೂ ಸಂಗೀತದಲ್ಲಿ ಈ ಭಯ ನಮ್ಮನ್ನು ಕಾಡಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಗೂ, ಮಾಪಿಳ್ಳೆ ಹಾಡುಗಳಿಂದಾಗಿ ಇಶಲ್ ಗ್ರಾಮ ಎನಿಸಿಕೊಂಡ ಮೊಗ್ರಾಲಿಗೂ ನಡುವೆ ಇರುವುದು ಸಣ್ಣ ದೂರ. ಚೆಂಡೆಯ ಸದ್ದು ಅಲ್ಲಿಗೆ ಕೇಳುತ್ತದೆ, ಕೋಲ್ಕಳಿಯ ಸದ್ದು ಇಲ್ಲಿಗೆ.

ತಾಳದ ವಿಷಯದಲ್ಲೂ ಹೀಗೆಯೇ ಆಯಿತು. ಬೆಲ್‌ಗ್ರೇಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ದುಶಾನ್ ಬೊಗ್ದಾನೊವಿಚ್ ಎಂಬ ಇನ್ನೊಬ್ಬ ಗಿಟಾರ್ ರಚನಕಾರರಿದ್ದಾರೆ. ಯುಗೊಸ್ಲಾವಿಯ ಒಡೆದು ಹೋಗುತ್ತಿದ್ದ 1991ರಲ್ಲಿ ಅವರು ಬಾಲ್ಕನ್ ಹಳ್ಳಿಗಳ ಕುಣಿತ, ಹಾಡುಗಳ ಛಾಯೆಯಲ್ಲಿ ಆರು ಪುಟ್ಟ ಕೃತಿಗಳನ್ನು ಬರೆದರು. ಆ ಕಡೆಯ ಕುಣಿತಗಳಲ್ಲಿ ಐದರ, ಏಳರ, ಒಂಬತ್ತರ ಎಣಿಕೆಗಳು ಸಾಮಾನ್ಯ. ಪಾಶ್ಚಾತ್ಯ ವಿದ್ಯಾರ್ಥಿಗಳು ಏಳನ್ನು ಎಣಿಸಲು ಪಡುವ ಕಷ್ಟವನ್ನು ಕಂಡಾಗ ನನಗೆ ಅಚ್ಚರಿಯಾಗುತ್ತದೆ. ಬಾಲ್ಯವಿಡೀ ಬಯಲಾಟದ ಚಾಪೆಯ ಮೇಲೆ ಕುಳಿತು ತ್ರಿವುಡೆ ಕೇಳಿದವರಿಗೆ ಏಳು ಎಂದರೆ ನಡಿಗೆಯಷ್ಟೇ ಸಹಜ.

ಇಷ್ಟೆಲ್ಲ ಮೆಚ್ಚಿದ ಮೇಲೂ ಡೊಮೆನಿಕೋನಿಯವರ ಇನ್ನೊಂದು ಕೃತಿ ನನ್ನನ್ನು ಸ್ವಲ್ಪ ಕಾಡಿದೆ. ಅದರ ಹೆಸರು ‘ಅನಟೋಲಿಯದ ಒಂದು ಜಾನಪದ ಗೀತೆಯ ಮೇಲಿನ ಪಲ್ಲಟಗಳು’. ಸಂಗೀತ ಸುಂದರ. ಆದರೆ ಆ ಗೀತೆ ಯಾರದೆಂದು ತಿಳಿಯದ ಗೀತೆಯಲ್ಲ. ಅದನ್ನು ಕಟ್ಟಿದವರು ಆಶಿಕ್ ವೇಸೆಲ್. 1894ರಲ್ಲಿ ಸಿವಾಸ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿ, ಏಳನೆಯ ವಯಸ್ಸಿನಲ್ಲಿ ಸಿಡುಬಿಗೆ ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನೂ ಕಳೆದುಕೊಂಡು, ಸಾಝ್ ಹಿಡಿದು ಊರೂರು ಹಾಡಿ, 1973ರಲ್ಲಿ ತೀರಿಕೊಂಡ ಕವಿ. ಉದ್ದನೆಯ, ಇಕ್ಕಟ್ಟಾದ ದಾರಿಯಲ್ಲಿ ಹಗಲಿರುಳು ನಡೆಯುತ್ತಿದ್ದೇನೆ ಎಂಬ ಹಾಡು ಅದು. ತುರ್ಕಿಯ ಮನೆಮನೆಯಲ್ಲಿ ಅವರ ಹೆಸರು ಗೊತ್ತು. ಹಾಡು ಗಡಿ ದಾಟಿದಾಗ ಹೆಸರು ಈಚೆ ಬರಲಿಲ್ಲ, ‘ಜಾನಪದ’ ಎಂಬ ಪದ ಬಂತು. ಜಾನಪದ ಎಂದೊಡನೆ ಹಾಡಿದವರ ಮುಖ ಅಳಿಸಿಹೋಗುತ್ತದೆ. ಈ ಮಾತನ್ನು ಬರೆಯುತ್ತಿರುವ ನಾನೂ ಹಾಡುಗಾರ್ತಿಯೊಬ್ಬರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನದು ಬೇರೆ ಕಾರಣ. ಅವರು ಬೇಡವೆಂದರು.

ನಮ್ಮ ಮನೆಯ ಕೆಳಗೆ ಈಗ ಅಡಿಕೆ ತೋಟ ಇರುವಲ್ಲಿ ಮೊದಲು ಗದ್ದೆ ಇತ್ತು. ಮಳೆಗಾಲದ ಏಣೆಲು ಬೆಳೆಗೆ ನೇಜಿ, ಎಂದರೆ ಭತ್ತದ ಸಸಿ, ನೆಡುವ ದಿನಗಳಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಾಗಿ ನಿಂತು ಓ ಬೇಲೆ ಎಂಬ ತುಳು ಹಾಡು ಹಾಡುತ್ತಿದ್ದರು. ಒಬ್ಬರು ಎತ್ತಿಕೊಡುವುದು, ಉಳಿದವರು ‘ಓ ಬೇಲೆ’ ಎಂದು ಎಳೆದು ಮರಳಿಸುವುದು. ಎತ್ತಿಕೊಡುತ್ತಿದ್ದವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಹಾಡು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುವಾಗ, ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ ಅವರ ಕಾಲುಗಳ ಮುಂದೆ ಹಸಿರು ಸಾಲು ಮೂಡುತ್ತಿತ್ತು. ನಾನು ಗದ್ದೆಯ ಬದು, ಕಟ್ಟಪುಣಿಯ ಮೇಲೆ ಕೊಡೆ ಹಿಡಿದು ನಿಂತು ಕೇಳುತ್ತಿದ್ದೆ. ಗದ್ದೆ ನಮ್ಮದು, ಬೆನ್ನು ಬಾಗಿದ್ದು ಅವರದು. ಆ ಹಾಡು ನನ್ನ ಬಾಲ್ಯದ್ದು ಎಂದು ಹೇಳುವಾಗ ಈ ಮಾತನ್ನೂ ಕೂಡಿಸಿಯೇ ಹೇಳಬೇಕು. ನಾನು ಅದನ್ನು ಒಣಗಿದ ಪಾದಗಳಿಂದ ಕೇಳಿದವನು. ಆಮೇಲೆ ಕೂಲಿಯ ಲೆಕ್ಕ, ನೀರಿನ ಲೆಕ್ಕ, ಅಡಿಕೆಯ ಬೆಲೆ ಎಲ್ಲವೂ ಸೇರಿ ಗದ್ದೆ ಮುಚ್ಚಿತು. ಗದ್ದೆ ಹೋದದ್ದರಿಂದ ಹಾಡೂ ಹೋಯಿತು; ಅದನ್ನು ಯಾರೂ ಬೇಕೆಂದು ಮರೆಯಲಿಲ್ಲ.

ಕೊಯುನ್‌ಬಾಬಾ ಕೈಗೆ ಹತ್ತಿದ ಮೇಲೆ, ಓ ಬೇಲೆಯನ್ನು ಗಿಟಾರಿಗೆ ತರಬೇಕು ಎಂಬ ಆಸೆ ಹುಟ್ಟಿತು. ಅಕ್ಕನ ಮನೆಗೆ ಹೋದೆ. ವಯಸ್ಸು ಎಂಬತ್ತರ ಹತ್ತಿರ, ದನಿ ಮಾತ್ರ ಗಟ್ಟಿ. ಚಾವಡಿಯಲ್ಲಿ ಮಣೆ ಹಾಕಿ ಕೂರಿಸಿದರು. ಮೊಬೈಲ್ ಮುಂದಿಟ್ಟು ಹಾಡಿ ಎಂದೆ. ಎರಡು ಸಾಲು ಹೇಳಿ ನಿಲ್ಲಿಸಿಬಿಟ್ಟರು. ಅವರ ತುಳುವನ್ನು ಕನ್ನಡದಲ್ಲಿ ಬರೆಯುತ್ತೇನೆ: “ಅಣ್ಣೇರೇ, ಕುಳಿತುಕೊಂಡರೆ ಅದು ಬರುವುದಿಲ್ಲ. ಕೈಗೆ ನೇಜಿ ಬೇಕು.” ನಾನು ಸುಮ್ಮನಾದೆ. ಅವರೇ ಎದ್ದು, ಅಂಗಳದ ಬದಿಯಿಂದ ಒಂದು ಹಿಡಿ ಹುಲ್ಲು ಕಿತ್ತುಕೊಂಡು ಬಂದು, ಸೊಂಟ ಬಗ್ಗಿಸಿ ನಿಂತು, ಒಂದೊಂದೇ ಎಸಳನ್ನು ಒಣನೆಲಕ್ಕೆ ತೋರಿಸುತ್ತ ಹಾಡಿದರು. ಆಗ ಬಂತು. ಉಸಿರು ಎಲ್ಲಿ ತುಂಡಾಗುತ್ತದೆ, ಯಾವ ಸ್ವರಕ್ಕೆ ತೂಕ ಬೀಳುತ್ತದೆ ಎಂಬುದನ್ನೆಲ್ಲ ಬಾಗಿದ ಬೆನ್ನೇ ತೀರ್ಮಾನಿಸುತ್ತಿತ್ತು.

ಮನೆಗೆ ಬಂದು ಮಾಡಿದ ಮೊದಲ ಪ್ರಯತ್ನ ಕೆಟ್ಟದಾಗಿತ್ತು. ರೂಢಿಯ ಶ್ರುತಿಯಲ್ಲೇ ಹಾಡನ್ನು ಮೇಲಿನ ತಂತಿಯಲ್ಲಿ ನುಡಿಸಿ, ಕೆಳಗೆ ಪಾಶ್ಚಾತ್ಯ ಸ್ವರಮೇಳಗಳನ್ನು ಜೋಡಿಸಿದೆ. ಕಿವಿಗೆ ಇಂಪಾಗಿಯೇ ಇತ್ತು, ಆದರೆ ಗದ್ದೆಯ ಹಾಡು ಜೋಗುಳವಾಗಿ ಕೂತಿತ್ತು. ಬಾರ್ಸಿಲೋನಾದ ಮಿಗೆಲ್ ಯೊಬೆಟ್ ಸುಮಾರು ನೂರಿಪ್ಪತ್ತೈದು ವರ್ಷಗಳ ಹಿಂದೆ ಕ್ಯಾಟಲಾನ್ ಹಾಡುಗಳನ್ನು ಹೀಗೆ ಸ್ವರಮೇಳಗಳ ಮೇಲೆ ಕೂರಿಸಿ ಅಪೂರ್ವವಾದ ಸಂಗೀತ ಮಾಡಿದ್ದಾರೆ. ಅವರ ಹಾಡುಗಳಿಗೆ ಆ ಪಲ್ಲಕ್ಕಿ ಒಪ್ಪುತ್ತದೆ. ಅಕ್ಕನ ಹಾಡು ಪಲ್ಲಕ್ಕಿ ಏರಲೊಲ್ಲದು.

ತೊಡಕು ಎಲ್ಲಿದೆ ಎಂದು ಕಂಡುಹಿಡಿಯಲು ತಿಂಗಳುಗಳೇ ಬೇಕಾದವು. ಅಕ್ಕನ ಗಾಂಧಾರ ಕೆಳಗಿನ ಸಾಧಾರಣ ಗಾಂಧಾರವೂ ಅಲ್ಲ, ಮೇಲಿನ ಅಂತರ ಗಾಂಧಾರವೂ ಅಲ್ಲ. ಎರಡರ ನಡುವೆ ಒಂದು ಜಾಗದಲ್ಲಿ ಅದು ನಿಲ್ಲುತ್ತದೆ. ಅದು ಕಂಠದ ದೋಷವಲ್ಲ. ಹತ್ತು ಸಲ ಹಾಡಿದಾಗ ಹತ್ತು ಸಲವೂ ಅಲ್ಲಿಗೇ ಬಂದು ನಿಂತಿದೆ. ನನ್ನ ಗಿಟಾರಿನಲ್ಲಿ ಆ ಜಾಗದಲ್ಲಿ ಮೆಟ್ಟಿಲೇ ಇಲ್ಲ. ಸ್ವರಮೇಳ ಕಟ್ಟಿದರೆ ಗಾಂಧಾರ ಯಾವುದೆಂದು ತೀರ್ಮಾನ ಮಾಡಲೇಬೇಕು. ಹಾಡು ತೀರ್ಮಾನ ಮಾಡಿರಲಿಲ್ಲ. ಕೊನೆಗೆ ಡೊಮೆನಿಕೋನಿಯವರ ಹಾಗೆಯೇ ಐದು ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಿ, ಕೆಳಗಿನ ಅನುರಣನದಲ್ಲಿ ಗಾಂಧಾರವೇ ಇಲ್ಲದಂತೆ ನೋಡಿಕೊಂಡೆ. ಮೇಲೆ ಹಾಡು ಆ ಸ್ವರಕ್ಕೆ ಬಂದಾಗ ಕೆಳಗಿನ ಮೆಟ್ಟಿಲಿನಲ್ಲಿ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದೆ. ನೈಲಾನ್ ತಂತಿ ವೀಣೆಯ ತಂತಿಯಷ್ಟು ಬಗ್ಗುವುದಿಲ್ಲ. ಅಕ್ಕನ ಜಾಗದವರೆಗೆ ಹೋಗಲಿಲ್ಲ, ಆದರೆ ಅದರ ಕಡೆಗೆ ಮುಖ ಮಾಡಿತು.

ನನ್ನ ಗಿಟಾರಿನ ಬೆನ್ನು ಬೀಟೆ ಮರದ್ದು. ಹಿಂದೆ ಯುರೋಪಿನ ಒಳ್ಳೆಯ ಗಿಟಾರುಗಳಿಗೆ ಬ್ರೆಜಿಲ್‌ನ ಬೀಟೆಯನ್ನೇ ಬಳಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ಆ ಮರದ ದಿಮ್ಮಿಗಳನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿದ ಮೇಲೆ ನಮ್ಮ ಘಟ್ಟದ ಬೀಟೆ ಆ ಜಾಗಕ್ಕೆ ಬಂತು. ಅಜ್ಜನ ಕಾಲದ ನಮ್ಮ ಮನೆಯ ಕಪಾಟಿನದೂ ಅದೇ ಮರ, ಅದೇ ನೇರಳೆ ಬೆರೆತ ಕಂದು, ಅದೇ ಕಪ್ಪು ಗೆರೆಗಳು. ಪರದೇಶದ ವಾದ್ಯ ಎನ್ನುವಾಗ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಕಳೆದ ಮಳೆಗಾಲದ ಒಂದು ಭಾನುವಾರ ಗಿಟಾರ್ ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಮನೆಯಲ್ಲೇ ಐದು ತಂತಿಗಳ ಶ್ರುತಿ ಮಾಡಿಕೊಂಡು ಹೋಗಿದ್ದೆ, ಅಲ್ಲಿ ಮತ್ತೊಮ್ಮೆ ಸರಿಪಡಿಸಿ ನುಡಿಸಿದೆ. ನಾಲ್ಕು ನಿಮಿಷದ ಸಂಗೀತ. ಅವರು ಕಂಬಕ್ಕೆ ಒರಗಿ, ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಹೊಗಳಲಿಲ್ಲ. “ಓ ಬೇಲೆ ಎನ್ನುವವರು ಎಲ್ಲಿ?” ಎಂದು ಕೇಳಿದರು. ಎತ್ತಿಕೊಡುವ ಸಾಲನ್ನಷ್ಟೇ ನಾನು ತಂದಿದ್ದೆ. ಮರಳಿಸುವ ಸಾಲನ್ನು ಅದರ ಬಾಲವೆಂದು ತಿಳಿದು ಮೊಟಕಾಗಿಸಿದ್ದೆ. ಅವರಿಗೆ ಅದೇ ಹಾಡು.

“ನುಡಿಸಿ, ನಾನು ಹೇಳುತ್ತೇನೆ” ಎಂದರು. ಮೊದಲ ಸಾಲು ನುಡಿಸಿ ನಿಲ್ಲಿಸಿದೆ. ಅವರ ‘ಓ’ ಎದ್ದಿತು. ನನ್ನ ಷಡ್ಜಕ್ಕೂ ಅದರ ಕೆಳಗಿನ ಮೆಟ್ಟಿಲಿಗೂ ನಡುವೆ ಎಲ್ಲಿಯೋ ಇತ್ತು ಅವರ ಷಡ್ಜ. ತಾಗಿಯೂ ತಾಗದಂತೆ ಎರಡೂ ಉಜ್ಜಿಕೊಂಡವು. ಅವರು ಹಾಡು ನಿಲ್ಲಿಸಿ ನನ್ನ ಮುಖ ನೋಡಿದರು. ಸ್ವಲ್ಪ ನಿಲ್ಲಿ ಅಕ್ಕ, ಹಾಗೆಯೇ ಒಮ್ಮೆ ಹಿಡಿದುಕೊಳ್ಳಿ ಎಂದೆ. ಅವರು ‘ಓ’ ಎಂದು ಹಿಡಿದರು, ಉಸಿರು ಮುಗಿದಾಗ ಮತ್ತೆ ಹಿಡಿದರು. ನಾನು ಆರನೆಯ ತಂತಿಯ ಬಿರಡೆಯಿಂದ ಶುರುಮಾಡಿ ಒಂದೊಂದನ್ನೇ ಅವರ ದನಿಗೆ ಇಳಿಸುತ್ತ ಬಂದೆ. ಈ ಸಲ ಮೊದಲನೆಯ ತಂತಿಯನ್ನೂ ಬಿಡಲಿಲ್ಲ.